ಕಂಬ ಅವನಿಗೆ, ಬೋರ್ಡು ನನಗೆ

ಹೊಸದಾಗಿ ಲೈನ್ ಕೆಲಸಕ್ಕೆ ಸೇರಿದವರು ನನ್ನನ್ನು ಕಂಡಾಗ ಒಂದು ಪ್ರಶ್ನೆ ಕೇಳುತ್ತಾರೆ. "ಶೇಖರಣ್ಣ, ಅಷ್ಟು ವರ್ಷ ಸರ್ವೀಸ್ ಮಾಡಿದ್ರಿ, ಒಂದ್ಸಲಾನೂ ಶಾಕ್ ಹೊಡೆಸ್ಕೊಂಡಿಲ್ವಂತೆ. ಹೆಂಗೆ?" ಕೆಲವರು ಕೈ ಹಿಡಿದು ತಿರುಗಿಸಿ ನೋಡುತ್ತಾರೆ. ನನ್ನ ಅಂಗೈಯಲ್ಲಿ ಸುಟ್ಟ ಗುರುತು ಒಂದೂ ಇಲ್ಲ. ಎಚ್ಚರಿಕೆಯ ಮನುಷ್ಯ ಎಂದು ಮೆಚ್ಚುತ್ತಾರೆ. ಆ ಮೆಚ್ಚುಗೆ ಕೇಳಿದರೆ ನನಗೆ ಮೈ ಉರಿಯುತ್ತದೆ.

ನನ್ನ ಕೈ ಸುಡಲಿಲ್ಲ, ಏಕೆಂದರೆ ನಾನು ಸುಡಿಸಿಕೊಳ್ಳಬೇಕಾದದ್ದನ್ನೆಲ್ಲ ಹೂವಪ್ಪ ಸುಡಿಸಿಕೊಂಡ. ಕೊನೆಗೆ ಸತ್ತ. ಈ ಕೆಲಸದ ಬಗ್ಗೆ ನಾನು ಹೇಳಬಹುದಾದ ದೊಡ್ಡ ಮಾತು ಇದೊಂದೇ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದೆಲ್ಲ ಸರ್ವೀಸ್ ಪುಸ್ತಕದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ನಾನು ಎಸ್ಸೆಸ್ಸೆಲ್ಸಿ ಓದಿದವನು. ಜೀವಮಾನದಲ್ಲಿ ಬರೆದದ್ದು ಕಂಪ್ಲೇಂಟ್ ಪುಸ್ತಕ ಮತ್ತು ಕೆಲಸಕ್ಕೆ ಮೊದಲು ಕರೆಂಟು ನಿಲ್ಲಿಸಿದ್ದನ್ನು ಬರೆದಿಡುವ ಲೈನ್ ಕ್ಲಿಯರ್ ಪುಸ್ತಕ ಮಾತ್ರ. ಹಾಗಾಗಿ ಬರವಣಿಗೆ ಒರಟಾಗಿದ್ದರೆ ಸಹಿಸಿಕೊಳ್ಳಿ.

ಕೊಪ್ಪ, ನರಸಿಂಹರಾಜಪುರ, ಶೃಂಗೇರಿ. ಈ ಮೂರು ತಾಲೂಕುಗಳ ಕಂಬಗಳಲ್ಲೇ ನನ್ನ ನೌಕರಿ ಮುಗಿಯಿತು. ಮೊದಲ ಸೆಕ್ಷನ್ ಜಯಪುರದ ಕಡೆ. ಹೂವಪ್ಪ ಅಲ್ಲಿ ನನಗಿಂತ ಮೊದಲೇ ಕೂಲಿಯಾಗಿ ಇದ್ದವನು. ಖಾಯಂ ಆದದ್ದು ಮಾತ್ರ ನನಗೆ ಮೊದಲು, ಅವನಿಗೆ ಬಹಳ ತಡವಾಗಿ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವನು. ಆದರೂ ಅವನು ನನ್ನನ್ನು "ಶೇಖರಣ್ಣ" ಎನ್ನುತ್ತಿದ್ದ, ನಾನು ಅವನನ್ನು "ಹೂವಾ" ಎನ್ನುತ್ತಿದ್ದೆ. ನಾನು ಬಾಳೆಹೊನ್ನೂರು ಕಡೆಯ ಲಿಂಗಾಯತರವನು, ಅವನು ಕೊಪ್ಪದ ಹತ್ತಿರದ ಕಾಲೋನಿಯವನು. ಹೀಗೆ ಕರೆಯುವುದರಲ್ಲಿ ಏನೋ ಅಸಹ್ಯವಿದೆ ಎಂದು ನನಗೆ ಹೊಳೆದದ್ದು ಅವನು ಸತ್ತ ಮೇಲೆ. ಈಗ ಬರೆಯುವಾಗಲೂ "ಅವನು" ಎಂದೇ ಬರುತ್ತಿದೆ. "ಅವರು" ಎಂದು ತಿದ್ದಿದರೆ ಆ ಕಾಲದಲ್ಲೂ ನಾನು ಹಾಗೇ ಕರೆಯುತ್ತಿದ್ದೆ ಎಂದು ನೀವು ತಿಳಿಯುತ್ತೀರಿ. ಅದಕ್ಕೇ ಬಿಟ್ಟಿದ್ದೇನೆ.

ಆಗೆಲ್ಲ ಮೀಟರ್ ಬೋರ್ಡು ಮತ್ತು ಮೇನ್ ಸ್ವಿಚ್ಚು ಮನೆಯ ಒಳಗೆ, ನಡುಮನೆಯ ಗೋಡೆಯ ಮೇಲೆ ಇರುತ್ತಿದ್ದವು. ಕೆಲವು ಮನೆಗಳಲ್ಲಿ ದೇವರ ಕೋಣೆಯ ಬಾಗಿಲ ಪಕ್ಕದಲ್ಲೇ. ಕಂಪ್ಲೇಂಟ್ ಬಂದರೆ ಇಬ್ಬರು ಹೋಗಬೇಕು. ಕಂಬದಲ್ಲಿ ತೊಂದರೆಯೋ ಮನೆಯೊಳಗೋ ನೋಡಬೇಕು. ಮೊದಲ ವಾರವೇ ಒಂದು ಮನೆಗೆ ಹೋದೆವು. ಜಗುಲಿಯ ಮೆಟ್ಟಿಲ ಹತ್ತಿರ ಮನೆಯ ಅಮ್ಮ ನಿಂತಿದ್ದರು.

"ನೀವು ಬನ್ನಿ ಒಳಗೆ. ಅವ್ರು ಅಲ್ಲೇ ಕಂಬ ನೋಡ್ಲಿ" ಎಂದರು.

ಅಷ್ಟೇ. ಯಾವ ಜಾತಿ, ಏನು, ಯಾವ ಮಾತೂ ಇಲ್ಲ. ನಗುತ್ತಲೇ ಹೇಳಿದರು. ನಾನು ಒಳಗೆ ಹೋಗಿ ಫ್ಯೂಸ್ ಕಟ್ಟಿದೆ, ಹೂವಪ್ಪ ಕಂಬ ಹತ್ತಿದ. ಎರಡನೇ ಮನೆಯಲ್ಲಿ ಯಾರೂ ಹೇಳಲೇ ಇಲ್ಲ, ನಾವೇ ಹಾಗೆ ಮಾಡಿಕೊಂಡೆವು. ತಿಂಗಳು ಕಳೆಯುವುದರೊಳಗೆ ಅದು ನಮ್ಮ ಕೆಲಸದ ಕ್ರಮವಾಯಿತು. ಕಂಬ ಅವನಿಗೆ, ಬೋರ್ಡು ನನಗೆ.

ಇದಕ್ಕೆ ಆಫೀಸಿನಲ್ಲಿ ಒಂದು ಹೊಗಳಿಕೆಯೂ ಹುಟ್ಟಿಕೊಂಡಿತು. "ಹೂವಪ್ಪ ಬಿಡಿ ಮಾರಾಯ್ರೆ, ಕಂಬಕ್ಕೆ ಹುಲಿ." ಜೆಇ ಸಾಹೇಬರು ಕೆಲಸ ಹಂಚುವಾಗ, "ಕಂಬದ್ದಾದ್ರೆ ಹೂವಪ್ಪ, ಬೇರೆ ಯಾರೂ ಬೇಡ" ಎನ್ನುತ್ತಿದ್ದರು. ನಾನೂ ಹಾಗೇ ಹೊಗಳಿದೆ. ಅವನು ಚೆನ್ನಾಗಿ ಹತ್ತುತ್ತಿದ್ದ, ಅದು ನಿಜ. ಆದರೆ ಅವನಿಗೆ ಹತ್ತುವುದು ಬಿಟ್ಟು ಬೇರೆ ಜಾಗ ಯಾರು ಕೊಟ್ಟಿದ್ದರು? ಮನೆಯೊಳಗೆ ಬಿಡದವನನ್ನು ಕಂಬಕ್ಕೆ ಹತ್ತಿಸಿ ಹುಲಿ ಎಂದು ಕರೆದೆವು. ನಮ್ಮೂರಿನ ಜಾಣತನ ಇದು. ಬೈದರೆ ಕೇಸು ಹಾಕಬಹುದು, ಹೊಗಳಿದರೆ ಏನು ಮಾಡುತ್ತೀರಿ?

ಹೋಟೆಲಿನ ಲೋಟದ ಕಥೆ ಎಲ್ಲರಿಗೂ ಗೊತ್ತು, ಅದನ್ನು ನಾನು ಬರೆಯುವುದಿಲ್ಲ. ಕಮ್ಮರಡಿ ಹತ್ತಿರದ ಒಂದು ಮನೆಯ ವಿಷಯ ಬರೆಯುತ್ತೇನೆ. ಅಲ್ಲಿ ಬೋರ್ಡಿಗೇ ಬೆಂಕಿ ಹತ್ತಿಕೊಂಡಿತ್ತು. ನಾವು ಪಕ್ಕದ ಕಂಬದಲ್ಲೇ ಇದ್ದೆವು. ಮನೆಯವರು "ಬನ್ನಿ ಬನ್ನಿ" ಎಂದು ಕಿರುಚಿದರು. ಹೂವಪ್ಪ ಮೊದಲು ಓಡಿದ. ಸೀದಾ ನಡುಮನೆಗೆ ನುಗ್ಗಿ, ಒಣಗಿಸಲು ಇಟ್ಟಿದ್ದ ಗೋಣಿಚೀಲ ಹಿಡಿದು ಮೇನ್ ಎಳೆದು ಬೆಂಕಿ ಆರಿಸಿದ. ಅವನ ಎಡಗೈ ಬೆರಳುಗಳು ಬೆಂದವು. ಅವರು ಅವನನ್ನು ಕೂರಿಸಿ ಕೈಗೆ ಎಣ್ಣೆ ಹಚ್ಚಲು ಕೊಟ್ಟರು. ಕೂರಿಸಿದ್ದು ಅಂಗಳದಲ್ಲಿ.

ನಾವು ಸೈಕಲ್ ಹತ್ತುವಷ್ಟರಲ್ಲಿ ಒಳಗೆ ನೀರು ಹೊಯ್ಯುವ ಸದ್ದು ಕೇಳಿಸಿತು. ಸೆಗಣಿ ಕಲಸಿದ ನೀರು ಹೊಸ್ತಿಲು ದಾಟಿ ಹೊರಗೆ ಹರಿಯಿತು. ಹೂವಪ್ಪ ಅದನ್ನೇ ನೋಡುತ್ತ ನಿಂತ.

"ಬಿಡಾ ಮಾರಾಯ. ಹಳೇ ಮುದುಕಿ ಇದಾಳೆ ಮನೇಲಿ. ಇನ್ನೆಷ್ಟು ದಿನ?" ಎಂದೆ ನಾನು.

"ಶೇಖರಣ್ಣ, ನೀರು ಹಾಕ್ತಿರದು ಮುದುಕಿ ಅಲ್ಲ, ಮಗಳು. ಕಾಲೇಜಿಗೆ ಹೋಗ್ತಾಳೆ ಅವ್ಳು."

"ಹೋಗ್ಲಿ ಬಿಡು."

"ಬಿಟ್ಟೆ. ನಾನು ಹಿಡ್ಕೊಂಡಿದ್ದು ಯಾವಾಗ?" ಎಂದು ಸುಟ್ಟ ಬೆರಳಿಗೆ ಬಾಯಿಂದ ಊದಿಕೊಳ್ಳುತ್ತ ನಕ್ಕ. "ಬೆಂಕಿಗಾದ್ರೂ ಹೇಳ್ಬೋದಿತ್ತು ಅವ್ರು, ನೀನು ಹೊರಗೇ ಇರು ಅಂತ."

ನಾನೂ ನಕ್ಕೆ. ಸಿಟ್ಟು ಬರಬೇಕಿದ್ದ ಜಾಗದಲ್ಲಿ ನಗುವುದನ್ನು ನಾವಿಬ್ಬರೂ ಕಲಿತಿದ್ದೆವು. ಅವನು ನಗದಿದ್ದರೆ ಬದುಕಲು ಆಗುತ್ತಿರಲಿಲ್ಲ. ನನಗೆ ಏನಿತ್ತು? ಅವನ ನಗು ನನಗೆ ಅನುಕೂಲವಾಗಿತ್ತು, ಅಷ್ಟೇ.

ಕಾಲ ಬದಲಾಯಿತು. ಮೀಟರುಗಳು ಹೊರಗಿನ ಗೋಡೆಗೆ ಬಂದವು. ರೀಡಿಂಗ್ ತೆಗೆಯುವವರು ಕೈಯಲ್ಲಿ ಯಂತ್ರ ಹಿಡಿದು ಅಂಗಳದಿಂದಲೇ ಬಿಲ್ ಹರಿದು ಕೊಟ್ಟರು. ಸೈಕಲ್ ಹೋಗಿ ಬೈಕ್ ಬಂತು. ಮೇನ್ ಸ್ವಿಚ್ಚುಗಳು ಮಾತ್ರ ಒಳಗೇ ಉಳಿದವು. ಅವುಗಳ ಜೊತೆಗೆ ಜನರೇಟರ್ ಬಂತು. ಜನರೇಟರ್ ಇಟ್ಟವರು ಚೇಂಜ್ ಓವರ್ ಸ್ವಿಚ್ ಹಾಕಿಸಬೇಕು. ಒಂದು ಕಡೆ ತಿರುಗಿಸಿದರೆ ಹೊರಗಿನ ಲೈನು, ಇನ್ನೊಂದು ಕಡೆ ತಿರುಗಿಸಿದರೆ ಜನರೇಟರು. ಎರಡೂ ಒಟ್ಟಿಗೆ ಸೇರುವಂತಿಲ್ಲ. ಸೇರಿದರೆ ಜನರೇಟರಿನ ಕರೆಂಟು ಮನೆಯೊಳಗಿನಿಂದ ಹಿಂದಕ್ಕೆ ಹರಿದು ಕಂಬಕ್ಕೆ ಬರುತ್ತದೆ. ಫ್ಯೂಸ್ ತೆಗೆದಿದ್ದೇವೆ, ತಂತಿ ಸತ್ತಿದೆ ಎಂದು ನಂಬಿ ಮೇಲೆ ಕೂತವನಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ಕಂಬ ಹತ್ತುವ ಮೊದಲು ಆ ಲೈನಿನ ಜನರೇಟರ್ ಇರುವ ಮನೆಗಳ ಒಳಗೆ ಹೋಗಿ ಸ್ವಿಚ್ಚನ್ನು ಕಣ್ಣಾರೆ ನೋಡಬೇಕು. ಕೇಳಿದರೆ ಸಾಲದು, ನೋಡಬೇಕು. ಅದು ನನ್ನ ಕೆಲಸವಾಗಿತ್ತು.

ಆಗ ನಾವಿಬ್ಬರೂ ನರಸಿಂಹರಾಜಪುರದ ಕಡೆಯ ಸೆಕ್ಷನ್ನಿನಲ್ಲಿದ್ದೆವು. ಮೇ ತಿಂಗಳ ಗಾಳಿಗೆ ಒಂದು ಮರದ ಕೊಂಬೆ ಬಿದ್ದು ತಂತಿ ಹರಿದಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಹೋದೆವು. ಟ್ರಾನ್ಸ್‌ಫಾರ್ಮರ್ ಹತ್ತಿರ ಬೇರೆ ಭಾಗದ ನಾಲ್ಕೈದು ಜನ ನಿಂತು ಗಲಾಟೆ ಮಾಡುತ್ತಿದ್ದರು. ತಮ್ಮ ಕಡೆಗಾದರೂ ಕರೆಂಟು ಕೊಡಿ ಎಂದು ಅವರೇ ಎರಡು ಸಲ ಫ್ಯೂಸ್ ಹಾಕಿಬಿಟ್ಟಿದ್ದರು. ನಾವು ಫ್ಯೂಸ್ ಕಿತ್ತೆವು. ಆದರೆ ಯಾರಾದರೂ ಅಲ್ಲಿ ಕಾವಲು ನಿಲ್ಲಲೇಬೇಕಿತ್ತು. ಇಲ್ಲದಿದ್ದರೆ ಮತ್ತೆ ಹಾಕುತ್ತಾರೆ.

ಹೂವಪ್ಪ ಹೇಳಿದ, "ನಾನು ನಿಂತ್ಕೊತೀನಿ, ನೀವು ಮನೆಗಳು ನೋಡ್ಕೊಂಡು ಬನ್ನಿ."

ಗುಂಪಿನಲ್ಲಿದ್ದ ಒಬ್ಬ ನಕ್ಕ. "ನೀ ನಿಂತು ಎಂತ ಮಾಡ್ತೀಯ? ನಿನ್ ಮಾತು ಕೇಳ್ಬೇಕನಾ ನಾವು?"

ಅವನ ಮಾತನ್ನು ಅವರು ಕೇಳುವುದಿಲ್ಲ, ನನ್ನದಾದರೆ ಕೇಳುತ್ತಾರೆ. ಅದು ನಮಗಿಬ್ಬರಿಗೂ ಗೊತ್ತಿತ್ತು. "ನಾನೇ ಇಲ್ಲಿರ್ತೀನಿ. ನೀನು ನೋಡ್ಕೊಂಡು ಹತ್ತು" ಎಂದೆ. ಕಂಬಗಳು ಅಲ್ಲಿಂದ ತಿರುವಿನ ಆಚೆಗೆ, ನನ್ನ ಕಣ್ಣಿಗೆ ಕಾಣದ ಕಡೆ. ಮೊಬೈಲ್ ಸಿಗ್ನಲ್ ಇಲ್ಲದ ಜಾಗ.

ಆ ಲೈನಿನಲ್ಲಿ ಜನರೇಟರ್ ಇದ್ದದ್ದು ಒಂದೇ ಮನೆಯಲ್ಲಿ. ಅಲ್ಲಿ ಏನಾಯಿತು ಎಂದು ನನಗೆ ಆಮೇಲೆ ಹೇಳಿದವರು ಆ ಮನೆಯ ಅಜ್ಜಿ. ಕಣ್ಣೀರು ಒರೆಸಿಕೊಳ್ಳುತ್ತಲೇ ಹೇಳಿದರು.

"ಪಾಪ, ಅಂಗಳದಲ್ಲೇ ನಿಂತು ಕೇಳ್ದ, ಅಮ್ಮ ಜನರೇಟರ್ ಆಫ್ ಇದ್ಯನಾ ಅಂತ. ಇದೆ ಅಂದೆ. ಒಳಗೆ ಸ್ವಿಚ್ ನೋಡ್ಬೇಕಿತ್ತು ಅಂದ. ಮಗ ಬರ್ಲಿ, ನೋಡ್ತಾನೆ ಅಂದೆ. ಹೋದ. ಒಳ್ಳೆಯವ ಕಣಪ್ಪ. ಯಾವತ್ತೂ ಮೆಟ್ಲು ಹತ್ತಿದವನಲ್ಲ."

ಅಜ್ಜಿ ಅದನ್ನು ಅವನ ಗುಣ ಎಂದು ಹೇಳುತ್ತಿದ್ದರು. ಸತ್ತವನಿಗೆ ಕೊಡುವ ಮರ್ಯಾದೆ ಎಂದು ತಿಳಿದು ಹೇಳುತ್ತಿದ್ದರು.

ಮಗ ಬಂದ, ಸ್ವಿಚ್ ನೋಡಲಿಲ್ಲ. ಮೋಟರ್ ಬೇಕಿತ್ತು, ಜನರೇಟರ್ ಹಾಕಿದ. ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಿದ್ದ ನನಗೆ ಆ ಸದ್ದು ಕೇಳಿಸಿತು. ಅದು ಯಾವ ಮನೆಯ ಸದ್ದು ಎಂದು ತಿಳಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಓಡಿದೆ. ತಿರುವು ದಾಟಿದಾಗ ಹೂವಪ್ಪ ಬೆಲ್ಟಿನಲ್ಲಿ ನೇತಾಡುತ್ತಿದ್ದ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಅವನು ಅರ್ತ್ ಹಾಕಿರಲಿಲ್ಲ. ತಂತಿಗೆ ಸರಪಳಿ ಸಿಕ್ಕಿಸಿ ನೆಲಕ್ಕೆ ಕಟ್ಟುವುದು ನಿಯಮ. ಮನೆಗಳಿಗೆ ಹೋಗುವ ಚಿಕ್ಕ ಲೈನುಗಳಿಗೆ ನಮ್ಮ ಸೆಕ್ಷನ್ನಿನಲ್ಲಿ ಯಾರೂ ಅದನ್ನು ಹಾಕುತ್ತಿರಲಿಲ್ಲ, ನಾನೂ ಹಾಕುತ್ತಿರಲಿಲ್ಲ. ತಪ್ಪೇ. ಹೊಸಬರು ದಯವಿಟ್ಟು ಹಾಕಿ. ಆದರೆ ಆ ತಪ್ಪು ನಮ್ಮೆಲ್ಲರದು, ಅವನೊಬ್ಬನದಲ್ಲ.

ಮಾರನೆಯ ದಿನ ಜೆಇ ನನ್ನನ್ನು ಕರೆದು ಟೈಪ್ ಮಾಡಿದ ಹೇಳಿಕೆ ಮುಂದಿಟ್ಟರು. "ಮನೆಯ ಸ್ವಿಚ್ ಪರಿಶೀಲಿಸದೆ, ಅರ್ತ್ ಮಾಡದೆ, ಅಜಾಗರೂಕತೆಯಿಂದ ಕಂಬ ಹತ್ತಿದ್ದರಿಂದ" ಎಂದಿತ್ತು.

"ಸರ್, ಅವನನ್ನ ಒಳಗೇ ಬಿಡ್ಲಿಲ್ಲ ಅವ್ರು" ಎಂದೆ.

"ಬಿಡಲ್ಲ ಅಂತ ಹೇಳಿದ್ರಾ? ನೀವು ಕೇಳಿದ್ರಾ?"

"ಹೇಳ್ಲಿಲ್ಲ ಸರ್. ಹೇಳ್ಬೇಕಾಗಿಲ್ಲ."

"ಹೇಳದೆ ಇರೋದನ್ನ ಹೆಂಗ್ರೀ ಬರೆಯೋದು? ಶೇಖರಪ್ಪ, ಇದು ಕೇಸಾದ್ರೆ ಊರೇ ಎದ್ದು ನಿಲ್ಲುತ್ತೆ. ಮೊದಲು ಕೇಳೋದು ನಿಮ್ಮನ್ನ. ಇಬ್ಬರಲ್ಲಿ ಸೀನಿಯರ್ ನೀವು. ಸೈನ್ ಹಾಕಿ."

ಹಾಕಿದೆ. ಜೆಇ ಕೆಟ್ಟವರೇನಲ್ಲ. ಹೂವಪ್ಪನ ಹೆಣ ಇಳಿಸುವಾಗ ಅತ್ತವರು. ಹೊಸಬರು ಇದನ್ನು ನೆನಪಿಡಿ. ನಿಮ್ಮ ಕೈಯಲ್ಲಿ ಸುಳ್ಳಿಗೆ ಸಹಿ ಹಾಕಿಸುವವರು ಬಹಳ ಸಲ ನಿಮ್ಮ ಜೊತೆ ಅತ್ತವರೇ ಆಗಿರುತ್ತಾರೆ.

ಹೂವಪ್ಪನ ಹೆಂಡತಿ ಸುಶೀಲ ಏಳನೇ ತರಗತಿಯವರೆಗೆ ಓದಿದವರು. ರಿಪೋರ್ಟಿನ ಪ್ರತಿ ಅವರ ಕೈಗೆ ಬಂದಾಗ ನನ್ನನ್ನು ಕರೆಸಿದರು. ಒಂದು ಪದದ ಕೆಳಗೆ ಬೆರಳಿಟ್ಟರು.

"ಶೇಖರಣ್ಣ, ಇದು ಎಂತ? ಅಜಾಗರೂಕತೆ ಅಂದ್ರೆ ಎಚ್ಚರ ಇಲ್ದೆ ಅಂತ ಅಲ್ದಾ? ಮನೇಲಿ ಒಂದು ಬಲ್ಬ್ ಬದಲಾಯಿಸ್ಬೇಕಿದ್ರೂ ಮೇನ್ ಆಫ್ ಮಾಡಿ, ಎರಡು ಸಲ ನೋಡಿ, ನನ್ನನ್ನ ಅಲ್ಲೇ ನಿಲ್ಲಿಸ್ತಿದ್ರು ಅವ್ರು. ದುಡ್ಡು ಬತ್ತದಂತೆ, ಬರ್ಲಿ. ಸತ್ತಿದ್ದು ಸತ್ತಾಯ್ತು. ಕೆಲಸ ಗೊತ್ತಿಲ್ದೆ ಸತ್ತ ಅಂತ ಯಾಕೆ ಬರೆದ್ರಿ? ಈ ಪದ ತೆಗೆಸಿ. ನನಗೆ ಬೇರೆ ಎಂತದೂ ಬೇಡ."

ಕೆಳಗೆ ನನ್ನ ಸಹಿ ಇತ್ತು. ಅದನ್ನು ಅವರು ನೋಡಿದ್ದರು. 

ಮೂರು ತಿಂಗಳ ಮೇಲೆ ನಾನು ಎರಡನೇ ಹೇಳಿಕೆ ಬರೆದೆ. ಹೂವಪ್ಪ ಕೇಳಿದ, ಒಳಗೆ ಬಿಡಲಿಲ್ಲ, ಅದಕ್ಕೇ ನೋಡಲಾಗಲಿಲ್ಲ, ಈ ಪದ್ಧತಿ ವರ್ಷಗಳಿಂದ ಇದೆ, ನಾನೇ ಸಾಕ್ಷಿ ಎಂದು ಬರೆದು ಟಪಾಲಿಗೆ ಕೊಟ್ಟೆ. ಬಂದ ಉತ್ತರ ಒಂದು ಸಾಲು: ಪ್ರಕರಣ ಮುಕ್ತಾಯಗೊಂಡಿದೆ.

ಕಾಗದದಲ್ಲಿ ಆಗದ್ದನ್ನು ಕೆಲಸದಲ್ಲಿ ಮಾಡುತ್ತೇನೆ ಎಂದು ಹೊರಟೆ. ಹೂವಪ್ಪನ ಜಾಗಕ್ಕೆ ತರೀಕೆರೆ ಕಡೆಯ ಮಲ್ಲೇಶ ಬಂದ. ಅವನೂ ಹೂವಪ್ಪನ ಜನವೇ. ಮೊದಲ ದಿನವೇ ಹೇಳಿದೆ, "ಹೋದ್ರೆ ಇಬ್ಬರೂ ಒಳಗೆ. ಇಲ್ಲಾಂದ್ರೆ ಇಬ್ಬರೂ ಹೊರಗೆ. ಕಂಬ ಒಂದಿನ ನಿಂದು, ಒಂದಿನ ನಂದು."

ಮಲ್ಲೇಶ ನನ್ನನ್ನು ಅನುಮಾನದಿಂದ ನೋಡಿದ. "ಎಷ್ಟು ದಿನ ಅಣ್ಣ ಇದು?"

ಅವನ ಪ್ರಶ್ನೆ ಸರಿಯಾಗಿತ್ತು. ಮೊದಲ ವಾರ ಸುಲಭ. ಮೈಯಲ್ಲಿ ಬಿಸಿ ಇರುತ್ತದೆ, ನಾಲ್ಕು ಜನ ಶಹಬ್ಬಾಸ್ ಎನ್ನುತ್ತಾರೆ. ಎಂಟನೇ ತಿಂಗಳಲ್ಲಿ, ಹಸಿದು ಬಂದಾಗ, ಒಳಗಿನಿಂದ ದೋಸೆಯ ವಾಸನೆ ಬರುವಾಗ, ಅಮ್ಮ "ನೀವು ಬನ್ನಿ ಶೇಖರಪ್ನೋರೆ" ಎಂದು ಕರೆದಾಗ ಅಂಗಳದಲ್ಲಿ ನಿಲ್ಲುವುದು ಕಷ್ಟ. ಒಂದು ಸಲ ಒಳಗೆ ಹೋಗಿಯೂ ಬಿಟ್ಟೆ. ಹೊರಗೆ ಬಂದಾಗ ಮಲ್ಲೇಶ ಬೈಕಿನ ಮೇಲೆ ಕೂತು, "ದೋಸೆ ಬಿಸಿ ಇತ್ತನಾ ಅಣ್ಣ?" ಎಂದ. ಆಮೇಲೆ ಮತ್ತೆ ಹೋಗಲಿಲ್ಲ.

ಮಲ್ಲೇಶನ ಹೆಸರು ಕೇಳಿದರೆ ಜಾತಿ ತಿಳಿಯುವುದಿಲ್ಲ. ಹಾಗಾಗಿ ಮನೆಯವರು ಸುತ್ತಿ ಬಳಸಿ ಕೇಳುತ್ತಿದ್ದರು. ಯಾವೂರು, ಅಲ್ಲಿ ಯಾವ ಕೇರಿ, ಮನೆದೇವರು ಯಾವುದು. ಒಬ್ಬ ಅಮ್ಮನಿಗೆ ಅವನು ಹೇಳಿದ ಉತ್ತರ ಸೆಕ್ಷನ್ನಿನಲ್ಲೆಲ್ಲ ಹಬ್ಬಿತು.

"ಮನೆದೇವ್ರು ಟ್ರಾನ್ಸ್‌ಫಾರ್ಮರ್ ಅಮ್ಮ. ವಾರಕ್ಕೊಂದ್ಸಲ ಹೊಗೆ ಹಾಕ್ಬೇಕು ಅದಕ್ಕೆ."

ದೂರುಗಳು ಹೋದವು. ಲೈನ್‌ಮ್ಯಾನ್ ಶೇಖರಪ್ಪ ಗ್ರಾಹಕರೊಂದಿಗೆ ಸಹಕರಿಸುವುದಿಲ್ಲ ಎಂದು. ಸಹೋದ್ಯೋಗಿಗಳೂ ಬೇಸತ್ತರು. "ನಿಮ್ದೆಂತ ಅತಿ ಮಾರಾಯ್ರೆ. ಹೂವಪ್ಪನೇ ಸುಮ್ನಿದ್ದ, ನೀವ್ಯಾಕೆ ಹಾರಾಡ್ತೀರಿ?" ಎಂದವರಿದ್ದಾರೆ. ಹೂವಪ್ಪ ಸುಮ್ಮನಿದ್ದದ್ದಕ್ಕೇ ಸತ್ತ ಎಂದರೆ ಮುಖ ತಿರುಗಿಸುತ್ತಿದ್ದರು.

ನನ್ನ ತಂಗಿ ಗಿರಿಜೆಯ ಮನೆ ನಮ್ಮ ಸೆಕ್ಷನ್ನಿಗೇ ಬರುತ್ತಿತ್ತು. ಒಂದು ದಿನ ಅವಳ ಮನೆಯ ಮೇನ್ ಸುಟ್ಟುಹೋಯಿತು. ಹೋದೆವು. ಗಿರಿಜೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು, ಮಲ್ಲೇಶನನ್ನು ನೋಡಲಿಲ್ಲ.

"ಅಣ್ಣ, ಅತ್ತೆ ಇದಾರೆ ಒಳಗೆ. ನೀನೊಬ್ನೇ ಬಾ."

"ಇಬ್ಬರೂ ಬರ್ತೀವಿ."

"ನನ್ನ ಮನೇಲೂ ನಿನ್ನ ಹಠನಾ? ತವರಿನಿಂದ ಬಂದವ್ನು ತಂಗಿ ಮನೆ ಕತ್ತಲೆ ಮಾಡಿ ಹೋಗ್ತೀಯಾ?"

"ಕತ್ತಲೆ ನಾನು ಮಾಡ್ತಿಲ್ಲ ಗಿರಿಜಾ."

ಮೂರು ದಿನ ಅವಳು ಬಾಗಿಲು ಬಿಡಲಿಲ್ಲ, ನಾನು ಒಬ್ಬನೇ ಹೋಗಲಿಲ್ಲ. ನಾಲ್ಕನೇ ದಿನ ಅವರು ಖಾಸಗಿ ವೈರಿಂಗ್‌ನವರನ್ನು ಕರೆಸಿ, ಗೋಡೆ ಒಡೆಸಿ, ಮೇನ್ ಸ್ವಿಚ್ಚನ್ನೇ ಜಗುಲಿಯ ಹೊರಗೋಡೆಗೆ ತಂದಿಟ್ಟರು. "ಈಗ ಯಾರು ಬೇಕಾದ್ರೂ ಬಂದು ರಿಪೇರಿ ಮಾಡ್ಲಿ" ಎಂದು ಭಾವ ಫೋನ್ ಮಾಡಿ ಹೇಳಿದರು, ಗೆದ್ದವರ ದನಿಯಲ್ಲಿ.

ಅದನ್ನು ನೋಡಿ ಇನ್ನೊಂದು ಮನೆ, ಆಮೇಲೆ ಮತ್ತೊಂದು. ಗೋಡೆ ಒಡೆಯಲು ತಯಾರು, ವೈರು ಎಳೆಸಲು ತಯಾರು, ಒಬ್ಬ ಮನುಷ್ಯನನ್ನು ಐದು ನಿಮಿಷ ಒಳಗೆ ಕರೆಯಲು ತಯಾರಿಲ್ಲ. ನಮ್ಮ ಮೇಲಿನ ಅಧಿಕಾರಿಗಳು ಬಂದಾಗ ಸಾಲು ಸಾಲು ಹೊರಗೋಡೆಯ ಸ್ವಿಚ್ಚುಗಳನ್ನು ನೋಡಿ, ಈ ಸೆಕ್ಷನ್ನಿನಲ್ಲಿ ಸುರಕ್ಷತೆಯ ಅರಿವು ಚೆನ್ನಾಗಿದೆ ಎಂದು ಮೀಟಿಂಗಿನಲ್ಲಿ ಹೊಗಳಿದರು. ಮಲ್ಲೇಶ ನನ್ನ ಕಿವಿಯಲ್ಲಿ, "ನಮ್ಮ ಜಾತಿಯಿಂದ ಎಷ್ಟು ಅಭಿವೃದ್ಧಿ ಆಯ್ತು ನೋಡಿ ಅಣ್ಣ" ಎಂದ.

ಸುಶೀಲರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. "ಸ್ವಿಚ್ ಹೊರಗೆ ಬಂತು, ಒಳ್ಳೇದಾಯ್ತು. ಇನ್ನೊಬ್ರು ಸಾಯಲ್ಲ. ಆ ಪದ ಹೋಯ್ತಾ?" ಎಂದರು. ಹೋಗಿರಲಿಲ್ಲ.

ಕೊನೆಯ ವರ್ಷಗಳು ಶೃಂಗೇರಿ ಕಡೆ. ಅಲ್ಲಿ ಜಾತಿಯ ಮಾತೆತ್ತಿದರೆ, "ಈಗೆಲ್ಲಿದೆ ಸ್ವಾಮಿ ಅದೆಲ್ಲ" ಎನ್ನುತ್ತಿದ್ದರು. ಅದೇ ಬಾಯಲ್ಲಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಇದ್ದ ಅಸ್ಸಾಮಿನ ಕೆಲಸಗಾರರ ಮುಖ ಆಡಿಕೊಳ್ಳುತ್ತಿದ್ದರು. ಆ ಲೈನ್ ಮನೆಗಳ ಕಂಪ್ಲೇಂಟು ಪುಸ್ತಕದಲ್ಲಿ ಮೊದಲು ಬರೆದಿದ್ದರೂ ಕೆಲಸದಲ್ಲಿ ಕೊನೆಗೆ ಹೋಗುತ್ತಿತ್ತು. ಒಂದು ತೋಟದ ಲೆಕ್ಕ ಬರೆಯುವ ರೈಟರ್ ನನಗೆ ಹೇಳಿದ, "ಮೊದ್ಲು ಬಂಗಲೆದು ಮಾಡಿ. ಅವ್ರಿಗೆ ಕತ್ತಲೆ ಅಭ್ಯಾಸ ಇದೆ."

ನಾನು ಪುಸ್ತಕ ತೆಗೆದು ತೋರಿಸಿದೆ. "ಪುಸ್ತಕದಲ್ಲಿ ಯಾರು ಮೊದ್ಲು ಇದಾರೋ ಅವ್ರಿಗೆ ಮೊದ್ಲು." ನಿವೃತ್ತನಾಗುವವರೆಗೂ ನನ್ನ ಪಾಳಿಯಲ್ಲಿ ಆ ಕ್ರಮ ತಪ್ಪಲಿಲ್ಲ. ನಾನು ಕೆಲಸ ಬಿಟ್ಟು ಬಂದ ಮೇಲೆ ತಪ್ಪಿದೆಯಂತೆ. ಅದೂ ಗೊತ್ತು. ಒಬ್ಬನ ಹಠ ಅವನ ಜೊತೆ ನಿವೃತ್ತಿಯಾಗುತ್ತದೆ. ಅದಕ್ಕೇ ಹೊಸಬರು ಇಂಥದ್ದನ್ನು ಒಬ್ಬರೇ ಹೊರಬೇಡಿ.

ಪ್ರತಿ ವರ್ಷ ನಮ್ಮಲ್ಲಿ ಸುರಕ್ಷತಾ ತರಬೇತಿ ಆಗುತ್ತದೆ. ಹಳೆಯ ಅಪಘಾತಗಳನ್ನು ಪರದೆಯ ಮೇಲೆ ತೋರಿಸುತ್ತಾರೆ. ಅದರಲ್ಲಿ ಹೂವಪ್ಪನದೂ ಒಂದು. ಅವನ ಕಂಬದ ಫೋಟೋ, ಕೆಳಗೆ "ಕಾರಣ: ನೌಕರನ ಅಜಾಗರೂಕತೆ." ಮೊದಲ ವರ್ಷ ತಲೆ ತಗ್ಗಿಸಿ ಕೂತೆ. ಎರಡನೇ ವರ್ಷ ಎದ್ದು ನಿಂತೆ. "ಸರ್, ಅವನನ್ನ ಒಳಗೆ ಬಿಡ್ಲಿಲ್ಲ. ಅದನ್ನ ಬರೀರಿ" ಎಂದೆ. "ಕೂತ್ಕೊಳ್ಳಿ ಶೇಖರಪ್ಪ" ಎಂದರು. ಪ್ರತಿ ವರ್ಷ ನಿಂತೆ, ಪ್ರತಿ ವರ್ಷ ಕೂರಿಸಿದರು. ನಿವೃತ್ತಿಯ ನಂತರವೂ ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದೆ. "ಬಂದ್ರು ನೋಡಿ" ಎಂದು ನಗುತ್ತಿದ್ದರು. ನಗಲಿ. ಸುಶೀಲ ಕೇಳಿದ್ದನ್ನು ನಡೆಸುತ್ತಿದ್ದೇನೆ, ನ್ಯಾಯದ ಕಡೆ ನಿಂತಿದ್ದೇನೆ ಎಂಬ ಹೆಮ್ಮೆ ನನಗಿತ್ತು.

ಈ ವರ್ಷವೂ ನಿಂತೆ, ಹೇಳಿದೆ. ಹೊಸದಾಗಿ ಸೇರಿದ ಒಬ್ಬ ಹೆಣ್ಣುಮಗಳು ಮುಂದಿನ ಸಾಲಿನಿಂದ ತಿರುಗಿ ನೋಡಿದಳು. ರಾಯಚೂರಿನ ಕಡೆಯವಳು. ಕೈ ಎತ್ತಿ ಕೇಳಿದಳು.

"ಅಣ್ಣಾರ, ಅವರನ್ನ ಒಳಗ ಬಿಡಲಿಲ್ಲ, ಖರೇ. ನಿಮ್ಮನ್ನ ಬಿಡ್ತಿದ್ರಲ್ಲರೀ. ಆ ಮನಿ ಸ್ವಿಚ್ಚು ನೀವು ಮೊದಲ ಎಂದೂ ನೋಡಿರಲಿಲ್ಲೇನ್ರೀ?"

 ಅಧಿಕಾರಿ "ಅದೆಲ್ಲ ಈಗ ಬೇಡ" ಎಂದರು. ನನಗೂ ಬೇಡವಾಗಿತ್ತು. ಅಷ್ಟು ವರ್ಷ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ, ಸುಶೀಲ ಕೂಡ.

"ನೋಡಿದ್ದೆ" ಎಂದೆ.

ನೋಡಿದ್ದೆ. ಅಪಘಾತಕ್ಕೆ ನಾಲ್ಕು ತಿಂಗಳ ಹಿಂದೆ ಫ್ಯೂಸ್ ಕಟ್ಟಲು ಆ ಮನೆಗೆ ಹೋಗಿದ್ದಾಗ ನಡುಮನೆಯ ಗೋಡೆ ನೋಡಿದ್ದೆ. ಅಲ್ಲಿ ಚೇಂಜ್ ಓವರ್ ಸ್ವಿಚ್ಚೇ ಇರಲಿಲ್ಲ. ಜನರೇಟರಿನ ವೈರನ್ನು ನೇರವಾಗಿ ಒಂದು ಸಾಕೆಟ್ಟಿಗೆ ಚುಚ್ಚುತ್ತಿದ್ದರು. ಮೇನ್ ಆಫ್ ಮಾಡಲು ಮರೆತರೆ ಕಂಬಕ್ಕೆ ಸಾವು. ನಿಯಮದ ಪ್ರಕಾರ ನಾನು ಅಲ್ಲೇ ಕನೆಕ್ಷನ್ ಕಿತ್ತು ಬರೆದುಕೊಡಬೇಕಿತ್ತು. ಆದರೆ ಅವರು ನನ್ನನ್ನು ಊಟಕ್ಕೆ ಕೂರಿಸಿದ್ದರು. ನಮ್ಮವರು ಎಂದು ಕರೆದು, ಕಡುಬು ಬಡಿಸಿ, ತುಪ್ಪ ಹಾಕಿದ್ದರು. ತುಪ್ಪ ಹಾಕಿಸಿಕೊಳ್ಳುತ್ತ, "ಒಂದು ಚೇಂಜ್ ಓವರ್ ಹಾಕ್ಸಿ ಅಣ್ಣ, ಒಳ್ಳೇದು" ಎಂದೆ. "ಹಾಕ್ಸಣ ಹಾಕ್ಸಣ" ಎಂದರು. ಆ ಮಾತು ಅಲ್ಲಿಗೇ ಮುಗಿಯಿತು. ಹೂವಪ್ಪ ಆಗ ಹೊರಗೆ ಕಂಬದ ಬುಡದಲ್ಲಿದ್ದ. ಅವನಿಗೂ ಹೇಳಲಿಲ್ಲ. ಮರೆತೆನೋ, ಉಂಡ ಮನೆಯ ಮಾತು ಎಂದು ಬಿಟ್ಟೆನೋ, ಈಗ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಅವನು ಸತ್ತ ಮೇಲೆ ತನಿಖೆಗೆ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಆ ಗೋಡೆಯಲ್ಲಿ ಹೊಸ ಸ್ವಿಚ್ ಕೂತಿತ್ತು. ಅದನ್ನೂ ನೋಡಿದೆ. ಬಾಯಿ ಬಿಡಲಿಲ್ಲ. ನನ್ನ ಎರಡನೇ ಹೇಳಿಕೆಯಲ್ಲೂ ಬರೆಯಲಿಲ್ಲ.

ಆ ಮನೆಯವರು ಅವನನ್ನು ಹೊರಗಿಟ್ಟರು, ನಿಜ. ಆದರೆ ಒಳಗೆ ಅವನ ಪರವಾಗಿ ಒಂದು ಜೊತೆ ಕಣ್ಣು ಇತ್ತು. ಆ ಕಣ್ಣು ನನ್ನದು.

ಅದೇ ಸಂಜೆ ಸುಶೀಲರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಆರಿಸುವುದನ್ನು ನಿಲ್ಲಿಸಲಿಲ್ಲ. ಒಂದು ಕಲ್ಲು ಹೆಕ್ಕಿ ಎಸೆದು ಕೇಳಿದರು.

"ಹೇಳಿದ್ರೆ ಅವ್ರು ಹತ್ತುತಿದ್ರಾ?"

"ಇಲ್ಲ. ಹತ್ತುತಿರಲಿಲ್ಲ. ಯಾರು ಎಂತ ಹೇಳಿದ್ರೂ ಹತ್ತುತಿರಲಿಲ್ಲ."

"ಹಂಗಾದ್ರೆ ಅವ್ರಿಗೆ ಕೆಲಸ ಗೊತ್ತಿತ್ತು."

"ಗೊತ್ತಿತ್ತು."

"ಇದನ್ನ ಬರೆದು ಕೊಡಿ. ನನ್ನ ಹತ್ರ ಅಳ್ಬೇಡಿ, ಆಫೀಸಿಗೆ ಬರೆದು ಕೊಡಿ" ಎಂದರು. ಮೊರ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ.

ಕಳೆದ ವಾರ ಮೂರನೇ ಹೇಳಿಕೆ ಕೊಟ್ಟು ಟಪಾಲಿನ ಸೀಲ್ ಹಾಕಿಸಿಕೊಂಡು ಬಂದಿದ್ದೇನೆ. ನಿವೃತ್ತನ ಕಾಗದಕ್ಕೆ ಏನು ಬೆಲೆ, ಪಿಂಚಣಿಗೆ ತೊಂದರೆ ಆದೀತು ಎಂದು ಗುಮಾಸ್ತರು ಎಚ್ಚರಿಸಿದರು. ಆಗಲಿ. ಅದರಲ್ಲಿ ಅಜಾಗರೂಕತೆ ಎಂಬ ಪದವನ್ನು ನಾನು ತೆಗೆದಿಲ್ಲ. ಅದರ ಮುಂದೆ ಹೂವಪ್ಪನ ಹೆಸರಿದ್ದ ಜಾಗದಲ್ಲಿ ನನ್ನ ಹೆಸರು ಬರೆದಿದ್ದೇನೆ.